ದಿನಾಂಕ ಬದಲಿಸುವ ಬಟನ್

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಚೀಟಿ ಮೇಡಂ ಎನ್ನುತ್ತಿದ್ದರು. ಪ್ರಯಾಣದ ಟಿಕೆಟ್ ಮಾರುವ ವೆಬ್‌ಸೈಟಿನಲ್ಲಿ ಯಾವುದು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಅವಳ ಕೆಲಸ. ಅದಕ್ಕಾಗಿ ಒಂದೊಂದು ಬಟನ್ನಿಗೂ ಒಂದೊಂದು ಚೀಟಿ ಬರೆದು ಮೀಟಿಂಗ್ ಕೋಣೆಯ ಗೋಡೆಗೆ ಅಂಟಿಸುತ್ತಿದ್ದಳು. ತೀರ್ಮಾನಿಸುವುದು ಎಂದದ್ದು ಬಾಯಿಮಾತಿಗೆ. ಅವಳು ಅಂಟಿಸಿ ಮನೆಗೆ ಹೋದ ಮೇಲೆ ಒಬ್ಬೊಬ್ಬ ಅಧಿಕಾರಿಯೂ ಬಂದು ತನ್ನ ವಿಭಾಗದ ಚೀಟಿಯನ್ನು ಕಿತ್ತು, ಒಂದು ಗೇಣು ಮೇಲಕ್ಕೆ ಅಂಟಿಸಿ ಹೋಗುತ್ತಿದ್ದ.

ಆ ಕಂಪನಿಯ ಪದ್ಧತಿಯೇ ಹಾಗೆ. ಪ್ರಯಾಣಿಕರಿಗೆ ಏನು ಬೇಕು ಎನ್ನುವುದು ಹಾಗಿರಲಿ, ಯಾವ ಕೆಲಸ ಯಾರ ಕೈಕೆಳಗಿದೆಯೋ ಅದರ ಬಟನ್ ಅವರ ವಿಭಾಗದ ಹೆಸರಿನ ಕೆಳಗೇ ಇರಬೇಕು. ಅಧಿಕಾರಿಗೆ ವರ್ಗವಾದರೆ ಅವರ ಬಟನ್‌ಗಳೂ ಗಂಟುಮೂಟೆ ಕಟ್ಟಿಕೊಂಡು ಹಿಂದೆಯೇ ಹೋಗುತ್ತಿದ್ದವು. ಚೀಟಿ ಮೇಡಂ ಕಂಡಕಂಡ ಪ್ರಯಾಣಿಕರನ್ನು ಕೂರಿಸಿಕೊಂಡು ಚೀಟಿಗಳನ್ನು ಗುಂಪು ಮಾಡಿಸಿದ್ದಳು. ಟಿಕೆಟ್ ರದ್ದು, ದಿನಾಂಕ ಬದಲಾವಣೆ, ಸೀಟು ಬದಲಾವಣೆ, ಎಲ್ಲವನ್ನೂ ಅವರು 'ನನ್ನ ಟಿಕೆಟ್' ಎಂದು ಒಂದೇ ಕಡೆ ಇಟ್ಟಿದ್ದರು. ಆ ಗುಂಪುಗಳನ್ನೂ ಅವಳು ಅದೇ ಗೋಡೆಯ ಒಂದು ಬದಿಗೆ ಅಂಟಿಸಿದ್ದಳು. ಅದನ್ನು ತೋರಿಸಿದರೆ ಕಂಪನಿಯ ದೊಡ್ಡ ಸಾಹೇಬರು, "ಚೆನ್ನಾಗಿದೆ. ಆದ್ರೆ 'ನನ್ನ ಟಿಕೆಟ್' ಅಂತ ನಮ್ಮಲ್ಲಿ ಯಾವ ವಿಭಾಗವೂ ಇಲ್ವಲ್ಲ" ಎಂದಿದ್ದರು. ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಹೊಸ ಮೆನುವಿನ ಬಗ್ಗೆ ಕೊನೆಯ ಮೀಟಿಂಗ್ ನಡೆಯುತ್ತಿದ್ದಾಗಲೇ ಅಮ್ಮನ ಫೋನ್ ಬಂತು.

"ನಿಮ್ಮಕ್ಕಂಗೆ ಆಗ್ಲೇ ನೋವು ಶುರುವಾಗಿದೆಯಂತೆ ಕಣೇ. ಭಾವ ಊರಲ್ಲಿಲ್ಲ, ಒಬ್ಬಳೇ ಆಸ್ಪತ್ರೆಗೆ ಹೋಗಿದಾಳೆ. ನನ್ನ ಮುಂದಿನ ವಾರದ ಟಿಕೆಟ್‌ನ ಇವತ್ತಿಗೆ ಮಾಡ್ಕೋಬೇಕು. ಮಧ್ಯಾಹ್ನದ ಬಸ್ಸಲ್ಲಿ ಇನ್ನೂ ಸೀಟಿದೆ. ನಿಮ್ಮ ವೆಬ್‌ಸೈಟಲ್ಲಿ ಎಲ್ಲಿ ಒತ್ಲಿ?"

"ಲೆಕ್ಕಪತ್ರ ಅಂತಿದೆಯಲ್ಲ, ಅದನ್ನ ಒತ್ತು."

"ದಿನ ಬದಲಾಯ್ಸೋಕೆ ಲೆಕ್ಕಪತ್ರ ಯಾಕೆ?"

ಯಾಕೆ ಎಂದು ಅವಳೂ ಇದೇ ಕೋಣೆಯಲ್ಲಿ ಕೇಳಿ ಕೇಳಿ ಸೋತಿದ್ದಳು. ಅಷ್ಟರಲ್ಲಿ ಅಮ್ಮ, ಅಲ್ಲೂ ಇಲ್ಲ ಎಂದಳು. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ಲೆಕ್ಕಪತ್ರದ ಅಧಿಕಾರಿ ಕೆಮ್ಮಿದರು. "ಅದು ಈಗ ನನ್ನ ಹತ್ರ ಇಲ್ಲ. ಹೋದ ವಾರವೇ ಗ್ರಾಹಕ ಸೇವೆಗೆ ಹೋಯ್ತು."

"ನನಗೆ ಆದೇಶವೇ ಬಂದಿಲ್ಲ," ಎಂದರು ಗ್ರಾಹಕ ಸೇವೆಯವರು. "ವಾಹನ ವಿಭಾಗದಲ್ಲಿ ನೋಡಿ."

ಸಾಹೇಬರು ಫೋನಿನತ್ತ ಬಾಗಿದರು. "ಗಾಬರಿ ಆಗ್ಬೇಡೀಮ್ಮಾ, ನಾವೆಲ್ಲ ಇಲ್ಲೇ ಇದೀವಿ."

"ಅಷ್ಟು ಜನ ಇದ್ದೂ ಸಿಗ್ತಿಲ್ವಾ?" ಎಂದಳು ಅಮ್ಮ.

ಚೀಟಿ ಮೇಡಂ ಲ್ಯಾಪ್‌ಟಾಪ್ ಎಳೆದುಕೊಂಡು ಅಮ್ಮನ ಖಾತೆಯನ್ನು ತಾನೇ ತೆರೆದಳು. ಹುಡುಕಿ ಹುಡುಕಿ ಕಣ್ಣು ಉರಿಯತೊಡಗಿತು. ಕೊನೆಗೆ ಬಟನ್ ಸಿಕ್ಕಿದ್ದು 'ಬಾಂಧವ್ಯ' ಎಂಬುದರ ಕೆಳಗೆ. ಪ್ರಚಾರ ವಿಭಾಗದವರು ಅದನ್ನು ಯಾವಾಗ ತಮ್ಮ ಕಡೆಗೆ ಎಳೆದುಕೊಂಡರೋ, ಆ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟನೋ ದೇವರೇ ಬಲ್ಲ. ಒತ್ತಿದಳು. ಮಧ್ಯಾಹ್ನದ ಬಸ್ಸು ಭರ್ತಿಯಾಗಿತ್ತು.

ಅದನ್ನು ಹೇಳುತ್ತಿದ್ದಂತೆ ಅಮ್ಮ ಫೋನ್ ಇಟ್ಟುಬಿಟ್ಟಳು.

ಆಮೇಲೆ ಸಾಹೇಬರು, "ಇದರಿಂದ ನಾವು ಕಲೀಬೇಕು. ಮೊದಲ ಪುಟದಲ್ಲೇ 'ತುರ್ತು' ಅಂತ ಇನ್ನೊಂದು ಬಟನ್ ಹಾಕೋಣ" ಎಂದರು. ಅದು ಯಾರ ವಿಭಾಗಕ್ಕೆ ಸೇರಬೇಕು ಎಂಬ ಜಗಳ ಸಂಜೆಯವರೆಗೂ ಎಳೆಯಿತು.

ಮರುದಿನ ಬೆಳಿಗ್ಗೆ ಅದೇ ಜಗಳ ಮುಂದುವರಿದಿರುವಾಗ ಅಮ್ಮ ಮತ್ತೆ ಫೋನ್ ಮಾಡಿದಳು. ಚೀಟಿ ಮೇಡಂ ಹೊರಗೆ ಹೋಗಿ ಎತ್ತಿಕೊಂಡಳು.

"ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ. ನಾನು ಬರೋಷ್ಟರಲ್ಲಿ ಹುಟ್ಟಿಯಾಗಿತ್ತು ಕಣೇ. ನಿಮ್ಮಕ್ಕ 'ಅಮ್ಮ ಬಂದ್ಲಾ, ಅಮ್ಮ ಬಂದ್ಲಾ' ಅಂತ ಕೇಳ್ತಾನೇ ಇದ್ಲಂತೆ, ನರ್ಸ್ ಹೇಳಿದ್ರು."

"ಹೇಗೆ ಹೋದೆ ಅಮ್ಮಾ?"

"ಸಂಜೆ ಬಸ್ ಸ್ಟ್ಯಾಂಡಿಗೇ ಹೋದೆ. ಟಿಕೆಟ್ ಕೊಡೋ ಕಿಂಡೀಲಿ ಒಬ್ಬ ಕೂತಿದ್ದ. ನಿಮಗೇನು ಬೇಕು ಅಂತ ಕೇಳ್ದ. ಹೇಳ್ದೆ. ಕೊಟ್ಟ. ಅಷ್ಟೇ ಕಣೇ."

ಅಮ್ಮ ಅದನ್ನು ಚುಚ್ಚಿ ಹೇಳಿರಲಿಲ್ಲ. ಆದರೂ ಒಬ್ಬಳೇ ಮಲಗಿ ಬಾಗಿಲು ನೋಡುತ್ತಿದ್ದಿರಬಹುದಾದ ಅಕ್ಕನನ್ನು ನೆನೆದು ಅವಳಿಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಮೈಯೆಲ್ಲ ಉರಿದುಹೋಯಿತು. ಒಳಗೆ ಬಂದವಳು ವಿಭಾಗಗಳ ಹೆಸರಿದ್ದ ಚೀಟಿಗಳನ್ನೆಲ್ಲ ಪರಪರನೆ ಕಿತ್ತು ಮೇಜಿನ ಮೇಲೆ ಹಾಕಿದಳು. ಪ್ರಯಾಣಿಕರು ಮಾಡಿದ್ದ ಗುಂಪುಗಳಷ್ಟೇ ಗೋಡೆಯಲ್ಲಿ ಉಳಿದವು. ಹೊಸ ಚೀಟಿಯೊಂದರ ಮೇಲೆ 'ನಿಮಗೇನು ಬೇಕು?' ಎಂದು ಬರೆದಳು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಓದಿದರು. "ಪ್ರಶ್ನೆ ಚೆನ್ನಾಗಿದೆ. ಇದನ್ನ ಯಾವ ವಿಭಾಗದ ಕೆಳಗೆ ಹಾಕೋಣ?"

"ಯಾರ ಕೆಳಗೂ ಬೇಡ ಸಾರ್," ಎಂದಳು. "ನಿಮ್ಮೆಲ್ಲರ ಮೇಲಿರ್ಲಿ."

ಕುರ್ಚಿ ಎಳೆದು, ಹತ್ತಿ ನಿಂತು, ಆ ಚೀಟಿಯನ್ನು ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ ಅಂಟಿಸಿದಳು.