ಬೆಟ್ಟದ ಸೊಪ್ಪಿನ ಕಬ್ಬಿಣ

ತಾಜಿಕಿಸ್ತಾನದ ರಾಜಧಾನಿ ದುಶಾಂಬೆಯ ಪ್ರಯೋಗಾಲಯದಲ್ಲಿ ಗುಲಂದೋಮ್‌ಗೆ ಸೊಪ್ಪು ಸುಡುವುದೇ ಉದ್ಯೋಗ. ಬೆಟ್ಟದಿಂದ ಬಂದ ಕಾಡುಸೊಪ್ಪನ್ನು ಒಣಗಿಸಿ, ಕುಲುಮೆಯಲ್ಲಿ ಬೂದಿ ಮಾಡಿ, ಅದರಲ್ಲಿ ಕಬ್ಬಿಣವೆಷ್ಟು, ಸುಣ್ಣವೆಷ್ಟು, ಸತುವೆಷ್ಟು ಎಂದು ಅಳೆಯುತ್ತಿದ್ದಳು. ಯಾವ ಎಲೆಯ ಜಾತಕ ಕೇಳಿದರೂ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಎಲೆ ಮಾತ್ರ ಆ ನಾಲಿಗೆಯನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು.

ಅಂತರ್ಯುದ್ಧದ ಕಾಲಕ್ಕೆ ಅವಳಿನ್ನೂ ಪುಟ್ಟ ಹುಡುಗಿ. ಹಿಟ್ಟು ತೀರಿದ ಮನೆಯಲ್ಲಿ ತಾಯಿ ವಸಂತವಿಡೀ ಸಿಯಾಲಫ್ ಎಂಬ ಬೆಟ್ಟದ ಸೊಪ್ಪನ್ನೇ ಬೇಯಿಸಿ ಹಾಕಿದ್ದಳು. ಬೆಳಿಗ್ಗೆ ಅದೇ, ಸಂಜೆಯೂ ಅದೇ. ಮತ್ತೆ ಹಿಟ್ಟು ಕಂಡ ದಿನ, ಇನ್ನು ಆ ಕರಿಸೊಪ್ಪು ಮುಟ್ಟುವುದಿಲ್ಲವೆಂದು ಹುಡುಗಿ ಹಟ ಹಿಡಿದಳು. ಹಟವೂ ಅವಳ ಜೊತೆಗೇ ಬೆಳೆಯಿತು. ಈ ಚಳಿಗಾಲ ತಲೆಸುತ್ತು ಬಂತೆಂದು ರಕ್ತ ಪರೀಕ್ಷೆ ಮಾಡಿಸಿದರೆ ಕಬ್ಬಿಣದ ಕೊರತೆ.

"ಕಮ್ಮಾರನ ಮನೇಲಿ ಕತ್ತಿ ಮೊಂಡು ಅಂತಾರಲ್ಲ, ಅದು ನೀನೇ ನೋಡು," ಎಂದು ಪಕ್ಕದ ಮೇಜಿನವಳು ನಕ್ಕಿದ್ದಳು.

ಏಪ್ರಿಲ್‌ನಲ್ಲಿ ಮಾದರಿ ಸೊಪ್ಪು ತರಲು ರಶ್ತ್ ಕಣಿವೆಯ ಹಳ್ಳಿಯೊಂದಕ್ಕೆ ಹೋಗಿ ಮೊಹ್‌ಶರೀಫ್ ಎಂಬ ವಿಧವೆಯ ಮನೆಯಲ್ಲಿ ಇಳಿದುಕೊಂಡಳು. ಬೆಳಗೆಲ್ಲ ಇಬ್ಬರೂ ಹಿಮ ಕರಗುವ ಅಂಚಿನಲ್ಲಿ ಬಗ್ಗಿ ಬಗ್ಗಿ ಸೊಪ್ಪು ಕೊಯ್ದರು. ಮಧ್ಯಾಹ್ನ ಊಟಕ್ಕೆ ಬಟ್ಟೆ ಹಾಸಿದರೆ ಅದರ ಮೇಲೆ ಅಂಗಡಿಯ ಸಾಸೇಜು, ಬಣ್ಣದ ಮಿಠಾಯಿ, ಬಿಸಿನೀರು ಹುಯ್ದ ಪೊಟ್ಟಣದ ನೂಡಲ್ಸ್. ಗುಲಂದೋಮ್‌ಗೆ ಒಳಗೊಳಗೇ ನೆಮ್ಮದಿ. ಆದರೆ ಅಡುಗೆಮನೆಯಿಂದ ಬೆಳ್ಳುಳ್ಳಿಯ ಘಮ ತೇಲಿ ಬರುತ್ತಿತ್ತು.

"ಒಲೆ ಮೇಲೆ ಏನೋ ಬೇಯ್ತಿದೆಯಲ್ಲ, ಖೋಲಾ?" ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದಳು.

"ಅದಾ? ಅದು ಹಸುಗೆ ಕಣಮ್ಮ. ನೀನು ಸಾಸೇಜು ತಿನ್ನು."

ಬೆಳ್ಳುಳ್ಳಿ ತಿನ್ನುವ ಹಸುವನ್ನು ಗುಲಂದೋಮ್ ಕಂಡಿರಲಿಲ್ಲ. ಕೈತೊಳೆಯುವ ನೆಪ ಮಾಡಿ ಎದ್ದು ಹೋದಳು. ಒಲೆಯ ಮುಂದೆ ಮನೆಯ ಸೊಸೆ ನೋಜನಿನ್ ಕುಕ್ಕರಗಾಲಲ್ಲಿ ಕುಳಿತು ಬಟ್ಟಲು ಬರಿದು ಮಾಡುತ್ತಿದ್ದಳು.

"ಹಸು ಅಂದ್ರೆ ನೀನೇನಾ?"

ನೋಜನಿನ್ ನಗು ತಡೆಯಲಾರದೆ ಕೆಮ್ಮಿದಳು. "ಮೆಲ್ಲಗೆ ಮಾತಾಡಿ ಅಕ್ಕ. ಪಟ್ಟಣದವರ ಮುಂದೆ ಸೊಪ್ಪು ಇಟ್ರೆ ಮರ್ಯಾದೆ ಹೋಗುತ್ತಂತೆ ಅತ್ತೆಗೆ. ತಗೊಳ್ಳಿ, ನೀವೂ ಹಸು ಆಗಿ."

ಕೈಗೆ ಬಂದ ಬಟ್ಟಲನ್ನು ಬೇಡವೆನ್ನುವ ಪದ್ಧತಿ ಆ ಕಣಿವೆಯಲ್ಲಿಲ್ಲ. ಹೆಸರುಕಾಳಿನ ಜೊತೆ ಬೆಂದ ಕರಿಹಸಿರು ಸಿಯಾಲಫ್, ಮೇಲೊಂದು ಗಟ್ಟಿ ಮೊಸರಿನ ಮುದ್ದೆ. ಗುಲಂದೋಮ್ ಔಷಧಿ ಕುಡಿಯುವವಳಂತೆ ಕಣ್ಣು ಮುಚ್ಚಿ ಒಂದು ಚಮಚ ಬಾಯಿಗಿಟ್ಟಳು.

ಉಪ್ಪು. ಮೊದಲು ತಿಳಿದದ್ದು ಉಪ್ಪು. ಆ ವರ್ಷ ಮನೆಯಲ್ಲಿ ಉಪ್ಪೂ ಇರಲಿಲ್ಲ. ತಾಯಿ ಬರಿಗೈಯನ್ನು ಪಾತ್ರೆಯ ಮೇಲೆ ಆಡಿಸಿ, "ಹಾಕಿದೀನಿ, ತಿನ್ನು," ಎನ್ನುತ್ತಿದ್ದಳು. ತನಗೆ ಇಷ್ಟು ಕಾಲ ಬೇಡವಾಗಿದ್ದದ್ದು ಸೊಪ್ಪಲ್ಲ, ಆ ಸಪ್ಪೆ. ಚಮಚ ಮತ್ತೆ ನಿಲ್ಲಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಮೊಹ್‌ಶರೀಫ್. "ಅಯ್ಯೋ, ಮಾನ ಕಳೆದ್ಯಲ್ಲೇ ಹುಡುಗಿ," ಎಂದು ಸೊಸೆಯನ್ನು ಗದರಿದಳು. ಅತಿಥಿ ಎರಡನೆಯ ಸಲ ಬಟ್ಟಲು ಚಾಚಿದ್ದು ಕಂಡು ಗದರಿಕೆ ಅರ್ಧಕ್ಕೇ ನಿಂತಿತು. ತಾನೇ ಬಡಿಸಿ, ಇನ್ನಷ್ಟು ಮೊಸರು ಸುರಿದು, ಕೆಟಲ್‌ಗೆ ಕೈಹಾಕಿದಳು.

"ಈಗಲೇ ಚಹಾ ಬೇಡ ಖೋಲಾ. ಸೊಪ್ಪಿನ ಮೇಲೆ ಚಹಾ ಕುಡಿದ್ರೆ ಅದರ ಕಬ್ಬಿಣ ಮೈಗೆ ಹತ್ತಲ್ಲ. ಒಂದು ಗಂಟೆ ಬಿಡಬೇಕು."

"ಒಂದು ಗಂಟೆ ನೆಂಟರನ್ನ ಚಹಾ ಇಲ್ದೆ ಕೂರಿಸೋದಾ? ಇದನ್ನ ಹೇಳೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?"

"ಕೊಡ್ತಾರೆ."

ಮೊಹ್‌ಶರೀಫ್ ಯೋಚಿಸಿದಳು. "ಅರ್ಧ ಗಂಟೆ. ಅದಕ್ಕಿಂತ ಆಗಲ್ಲಮ್ಮ, ಊರವರು ಆಡ್ಕೋತಾರೆ."

ಗುಲಂದೋಮ್ ಒಪ್ಪಿದಳು. ಮೂವರೂ ಕೊಯ್ದ ಸೊಪ್ಪನ್ನು ಬಿಸಿಲಿಗೆ ಹರವಿ ಹುಲ್ಲುಕಡ್ಡಿ ಆರಿಸುತ್ತ ಕುಳಿತರು. ಮೊಹ್‌ಶರೀಫ್ ಮಾತ್ರ ನಿಮಿಷಕ್ಕೊಮ್ಮೆ ಕೆಟಲ್ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.