ಒಪ್ಪಿಗೆ ಬಾಕಿ

ಮತ್ತೆ ಹಳದಿಯೇ, ಪರದೆಯಲ್ಲಿ ಅವನ ಹೆಸರಿನ ಪಕ್ಕದ ಆ ಚುಕ್ಕೆ ಬೆಳಿಗ್ಗೆಯಿಂದ ಬಣ್ಣ ಬದಲಿಸುವ ಲಕ್ಷಣವೇ ಇಲ್ಲ, ಸಹ-ಸಂಶೋಧಕರ ಒಪ್ಪಿಗೆ ಬಾಕಿ ಎಂದು ಕೆಳಗೆ ಸಣ್ಣಕ್ಷರ ಬೇರೆ, ಅವಳಿಗೇನು ಕಣ್ಣು ಕಾಣುವುದಿಲ್ಲವೇ — ಸಂಜೆ ಐದಕ್ಕೆ ಅರ್ಜಿ ಮುಚ್ಚುತ್ತದೆ, ಅನುದಾನ ಕೊಡುವವರ ಜಾಲತಾಣಕ್ಕೆ ದಯೆ ದಾಕ್ಷಿಣ್ಯ ಒಂದೂ ಇಲ್ಲ, ಅವನು ಅಲ್ಲಿ ತನ್ನ ಹೊಸ ಸಂಸ್ಥೆಯಲ್ಲಿ ಕೂತು ಒಪ್ಪಿಗೆಯ ಗುಂಡಿಯನ್ನು ಒಂದು ಸಲ ಒತ್ತಿದರೆ ಸಾಕು, ಒತ್ತದಿದ್ದರೆ ಇರುವೆಗಳ ಮೇಲಿನ ಅವಳ ಸಂಶೋಧನೆ ಮುಗಿಯಿತು, ಕಿಟಕಿ ಪಕ್ಕದ ಗಾಜಿನ ಗೂಡುಗಳನ್ನೆಲ್ಲ ಉಗ್ರಾಣಕ್ಕೆ ಹಾಕಿ ಈ ಕೋಣೆಯನ್ನು ಬಿಟ್ಟುಕೊಡಬೇಕು, ವಿಭಾಗದ ಮುಖ್ಯಸ್ಥರು ಆಗಲೇ ಬಂದು ಬಾಡಿಗೆಗೆ ಮನೆ ನೋಡುವವರ ಹಾಗೆ ಗೋಡೆ ಸವರಿ ಹೋಗಿದ್ದಾರೆ, ಏನಮ್ಮಾ ಕಳಿಸಿದ್ರಾ, ಇನ್ನೂ ಇಲ್ಲ ಸಾರ್, ಆ ಪುಣ್ಯಾತ್ಮನ್ನೇ ಯಾಕೆ ನೆಚ್ಕೊಂಡು ಕೂತಿದೀರಿ, ಅರ್ಜಿಗೆ ಎರಡು ಸಂಸ್ಥೆ ಬೇಕು ಅಂದ್ರೆ ನನ್ನ ಭಾವಮೈದ ಇದಾನೆ, ಅವನ ಹೆಸರು ಹಾಕಿ, ಈಗಿಂದೀಗ ಒತ್ತಿಬಿಡ್ತಾನೆ — ಎಂಥ ಔದಾರ್ಯ, ಆ ಭಾವಮೈದನಿಗೆ ಇರುವೆಗೆ ಕಾಲೆಷ್ಟು ಎಂದರೆ ತಲೆ ಕೆರೆದುಕೊಳ್ಳುತ್ತಾನೆ. ಬೇಡ ಸಾರ್ ಎಂದಳು.

ಪೆನ್ಸಿಲ್ ಎಂದೇ ಅವಳು ಅವನನ್ನು ಕರೆಯುತ್ತಿದ್ದದ್ದು, ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ಲನ್ನೇ ಕೋಣೆಯೆಲ್ಲ ಹುಡುಕುವ ಮಹಾನುಭಾವ, ಎದುರು ಮೇಜು ಅವನದು, ಅವಳು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು, ಅವನು ಪದಗಳನ್ನು ಹೊಡೆದು ಹಾಕುತ್ತಿದ್ದ, ಎಷ್ಟು ಸಲ ಅತ್ಯಂತ ಅಂತೀಯೇ, ಓದೋರಿಗೆ ಅಜೀರ್ಣ ಆಗುತ್ತೆ — ಅಂಥವನು ಹಿಂದಿನ ಯೋಜನೆಯ ನಟ್ಟನಡುವೆ ಗಂಟುಮೂಟೆ ಕಟ್ಟಿದ, ದೊಡ್ಡ ಪ್ರಯೋಗಾಲಯ ಕೊಡ್ತಾರಂತೆ, ಮೊದಲೇ ಒಂದು ಮಾತು ಹೇಳ್ಬಹುದಿತ್ತಲ್ಲ ಎಂದಳು, ಹೇಳೋಕೆ ಬಂದಾಗೆಲ್ಲ ನೀನು ವರದಿ ಬರೀತಾ ಇದ್ದೆ, ಹೋಗು ಹಾಗಾದ್ರೆ, ನೀನಿಲ್ದೆ ಇಲ್ಲಿ ಏನೂ ನಿಂತುಹೋಗಲ್ಲ. ನಿಲ್ಲಲೂ ಇಲ್ಲ, ಖರೀದಿ ಸಮಿತಿಯ ಹತ್ತಿರ, ಲೆಕ್ಕಪರಿಶೋಧಕರ ಹತ್ತಿರ, ವರ್ಷ ವರ್ಷದ ವರದಿಯ ಹತ್ತಿರ ಒಬ್ಬಳೇ ಏಗಿದಳು, ಓದುವುದನ್ನು ಮಾತ್ರ ಗಟ್ಟಿಯಾಗಿಯೇ ಓದಿದಳು, ಖಾಲಿ ಕುರ್ಚಿಗೆ, ಒಮ್ಮೆ ಕಸ ಗುಡಿಸುವಾಕೆ ಬಾಗಿಲಲ್ಲಿ ನಿಂತು ಯಾರಿದಾರೆ ಅಮ್ಮಾ ಒಳಗೆ ಎಂದಾಗ ನಾಲಿಗೆ ಕಚ್ಚಿಕೊಂಡಳು. ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ ಎಂದು ಅಕ್ಕ ನಿನ್ನೆಯೂ ಬೈದಳು. ಮಾಡಲಿಲ್ಲ, ಕೇಳದೆಯೇ ಆದರೂ ಅವನ ಹೆಸರು ಹಾಕಿ ಕರಡು ಕಳಿಸಿದ್ದಾಳಲ್ಲ, ಅಷ್ಟು ಸಾಲದೇ — ಇಬ್ಬರೂ ಅವರವರಲ್ಲೇ ಕೂತು ತಿದ್ದಬಹುದಾದ ಅದೇ ಕರಡಿನಲ್ಲಿ ಮೊನ್ನೆ ಇದ್ದಕ್ಕಿದ್ದಂತೆ ಮಿನುಗುವ ಒಂದು ಹಸಿರು ಗೆರೆ, ನೆತ್ತಿಯ ಮೇಲೆ ಅವಳಿಟ್ಟ ಪೆನ್ಸಿಲ್ ಎಂಬ ಹೆಸರೇ, ಅವನೂ ಅಲ್ಲಿ ಅದನ್ನೇ ತೆರೆದುಕೊಂಡು ಕೂತಿದ್ದಾನೆ ಎಂದರ್ಥ, ಅವಳು ಏನೋ ಬರೆಯಹೋದದ್ದೇ ತಡ, ಗೆರೆ ಮಾಯ.

ಈಗ ಮತ್ತೆ ಬಂದಿದೆ. ಮೊದಲ ಪುಟದಿಂದ ಸಾಲು ಸಾಲಾಗಿ ಇಳಿಯುತ್ತಿದೆ, ಒಂದು ಅತ್ಯಂತವನ್ನು ನುಂಗಿತು, ಇನ್ನೊಂದನ್ನು, ನಗು ಬರುತ್ತಿದೆ ಅವಳಿಗೆ, ಒತ್ತೋ ಮಾರಾಯಾ, ಐದಾಗುತ್ತಾ ಬಂತು, ಗೆರೆ ಕೊನೆಯ ಪುಟಕ್ಕೆ ಬಂದು ಇಬ್ಬರೂ ಹಿಂದಿನಂತೆಯೇ ಜೊತೆಯಾಗಿ ಎಂಬಲ್ಲಿ ನಿಂತಿತು, ಅಲ್ಲೇ ನಿಂತಿದೆ, ಒಂದು ಮಾತು ಕೇಳ್ಬಹುದಿತ್ತಲ್ಲ ಎನ್ನುತ್ತಿದೆಯೇ, ಕೈ ಫೋನಿನ ಮೇಲಿದೆ, ಏನೆಂದು ಶುರು ಮಾಡುವುದು, ನಾನು ಕಣೋ ಎಂದೇ, ಅವನ ಹೆಸರನ್ನು ಒತ್ತಬೇಕು ಎನ್ನುವಷ್ಟರಲ್ಲಿ ಜಾಲತಾಣದ ಆ ಹಳದಿ ಚುಕ್ಕೆ ಬೂದಿಯ ಬಣ್ಣಕ್ಕೆ ತಿರುಗಿತು, ಅವಧಿ ಮುಗಿದಿದೆ ಎಂದು ಕೆಳಗೆ. ಮುಗಿಯಿತು. ಅವನಿಗೂ ಗೊತ್ತಾಗಿರುತ್ತದೆ, ಇನ್ನು ಅವನಿಗಲ್ಲಿ ಏನು ಕೆಲಸ, ಹೋಗುತ್ತಾನೆ — ಹೋಗಿಲ್ಲ. ಅವಳು ಫೋನಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು, ಏನಾದರೂ ಬರೆಯಹೋದರೆ ಮೊನ್ನೆಯಂತೆ ಮಾಯವಾದೀತೆಂದು ಅಲುಗಾಡಲಿಲ್ಲ, ಜೊತೆಯಾಗಿ ಎಂಬುದರ ಪಕ್ಕ ಹಸಿರು ಗೆರೆ, ಆರುತ್ತದೆ, ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ