ರಾಣಿ ಕೇಳಿದ ಲೋಳೆಸರದ ಮರಿ

ಒಂದು ಲೋಳೆಸರದ ಗಿಡ ಮರಿ ಹಾಕಿದ್ದನ್ನು ಕತೆಯೆಂದು ಹೇಳಲು ಹೊರಟಿರುವುದಕ್ಕೆ ಓದುವವರು ಕ್ಷಮಿಸಬೇಕು. ಇದಕ್ಕಿಂತ ದೊಡ್ಡ ಸಂಕಟಗಳಿವೆ. ಆದರೆ ಆ ಮಳೆಗಾಲದಲ್ಲಿ, ಹುಣಸೂರು ಪಕ್ಕದ ಹಳ್ಳಿಯ ಸುನಂದಮ್ಮನ ಕಣ್ಣಿಗೆ ಬೇರೆ ಯಾವುದೂ ಬೀಳುತ್ತಿರಲಿಲ್ಲ.

ಗಿಡ ಅವಳ ಅವ್ವ ನೆಟ್ಟದ್ದು. ಅವ್ವ ಹೋದಮೇಲೆ ಕುಂಡ ಸುನಂದಮ್ಮನ ಜಗಲಿಗೆ ಬಂತು. ಸರಗೂರಿಗೆ ಕೊಟ್ಟಿದ್ದ ತಂಗಿ ರಾಣಿ ಆಗ ಕೇಳಿದ್ದು ಒಂದು ಮರಿಯನ್ನು ಮಾತ್ರ. ಈಗ, ಹೊಟ್ಟೆಯ ಗಡ್ಡೆಗೆ ಇನ್ನು ಔಷಧಿಯಿಂದ ಪ್ರಯೋಜನವಿಲ್ಲವೆಂದು ಆಸ್ಪತ್ರೆಯವರು ರಾಣಿಯನ್ನು ಮನೆಗೆ ಕಳಿಸಿದ್ದರು. ಫೋನಿನಲ್ಲಿ ಅವಳದು ಮತ್ತೆ ಅದೇ ಮಾತು.

"ಅಕ್ಕ, ಮರಿ ಬಂತಾ?"

"ಇನ್ನೂ ಇಲ್ಲ ಕಣವ್ವ. ತಾಯ್ ಗಿಡನೇ ತಂದ್ಬುಡ್ಲಾ?"

"ಬ್ಯಾಡ. ಅವ್ವ ನೆಟ್ಟಿದ್ದು ಅಲ್ಲೇ ಇರ್ಲಿ. ನಂಗೊಂದ್ ಮರಿ ಸಾಕು. ಅದು ಬೇರ್ ಬುಡೋದ್ನ ನೋಡ್ಬೇಕು, ಅಷ್ಟೇಯ." ಸ್ವಲ್ಪ ಉಸಿರು ತೆಗೆದುಕೊಂಡು ಸೇರಿಸಿದಳು: "ನಿನ್ ಕೈಲಿ ಗಿಡನೂ ಬಸುರಾಗಕ್ಕೆ ಎದರ್ತದೆ."

ಸುನಂದಮ್ಮ ನಕ್ಕಳು. ಫೋನ್ ಇಟ್ಟಮೇಲೆ, ತಪ್ಪು ನಿಜವಾಗಿಯೂ ತನ್ನ ಕೈಯದೇ ಇರಬೇಕು ಎನ್ನಿಸಿತು. ನೀರು ಹೆಚ್ಚಾಯಿತೇ? ಕುಂಡ ದೊಡ್ಡದಾಯಿತೇ? ಗಿಡವನ್ನು ಬಿಡಿಸಿ, ಕಪ್ಪಾದ ಬೇರು ಕತ್ತರಿಸಿ, ಮರಳಿಗೆ ಇಟ್ಟಿಗೆ ಚೂರು ಬೆರೆಸಿ, ಮರಿ ಬರಲೆಂದು ಬೇರಿಗೆ ಇಕ್ಕಟ್ಟಾಗುವಂಥ ಕುಂಡದಲ್ಲಿ ನೆಟ್ಟು ಬಿಸಿಲಿಗಿಟ್ಟಳು. ಮಣ್ಣು ಪೂರ್ತಿ ಒಣಗುವವರೆಗೆ ನೀರಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಮಣ್ಣಿಗೆ ಬೆರಳು.

ಕೊನೆಗೂ ಬುಡದಲ್ಲಿ ಎರಡು ಮರಿ ಮೂಡಿದವು. ಕೂಡಲೇ ಕಿತ್ತರೆ ಬೇರಿಲ್ಲ. ಬೇರು ಕಟ್ಟುವವರೆಗೆ ಕಾದರೆ ರಾಣಿಗೆ ಅಷ್ಟು ಕಾಲವಿದೆಯೇ? ಫೋನಿನಲ್ಲಿ ತಂಗಿಯ ದನಿ ಸಣ್ಣದಾಗುತ್ತಿತ್ತು. ಆದರೂ ಸುನಂದಮ್ಮ ಕಾದಳು. ಈ ವಿಷಯವನ್ನು ಗಂಡ ಕಾಂತರಾಜುವಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಹೊಗೆಸೊಪ್ಪಿನ ಹೊಲದಲ್ಲಿ ಕುಡಿ ಮುರಿಯುವ ದಿನಗಳವು. ಎಲೆಯ ಕಂಕುಳಲ್ಲಿ ಚಿಗುರು ಬಂದರೆ ಸೊಪ್ಪು ದಪ್ಪವಾಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅದನ್ನು ಮುರಿಯುವುದೇ ಕೆಲಸ. ಸಂಜೆ ಹೊಲದಿಂದ ಬಂದ ಕಾಂತರಾಜು ಜಗಲಿಯಲ್ಲಿ ಕುಂಡದ ಪಕ್ಕ ಕೂತ. ಸುನಂದಮ್ಮ ಕಾಫಿ ಹಿಡಿದು ಬಂದಾಗ ಎರಡು ಮರಿಗಳೂ ಅವನ ಕಾಲ ಬಳಿ ಬಿದ್ದಿದ್ದವು.

"ಏನ್ ಮಾಡ್ದ್ರಿ ಇದ?"

"ಕುಡಿ ಬಂದಿದ್ವು ಕಣಮ್ಮಿ, ಮುರ್ದಾಕ್ದೆ. ಬುಟ್ರೆ ತಾಯ್ ಸಾರನೆಲ್ಲ ಅವೇ ತಿಂದಾಕ್ತವೆ."

"ರಾಣಿಗೆ ಅಂತ ಕಾಯ್ತಿದ್ದೆ."

ಕಾಂತರಾಜು ತನ್ನ ಕೈ ನೋಡಿಕೊಂಡ. ಹೊಗೆಸೊಪ್ಪಿನ ಅಂಟು ಕಪ್ಪಗೆ ಹತ್ತಿತ್ತು. "ನನ್ ಕೈ ಸುಟ್ಟೋಗ," ಎಂದ. ಕಾಫಿ ಮುಟ್ಟಲಿಲ್ಲ.

ಒಂದು ಮರಿ ನಜ್ಜಾಗಿತ್ತು. ಇನ್ನೊಂದು ಬಿಳಿ ಬುಡದಲ್ಲೇ ಮುರಿದಿತ್ತು, ಬೇರಿನ ಎಳೆಯೂ ಇರಲಿಲ್ಲ. ಅದರ ಗಾಯ ಒಣಗಲೆಂದು ನೆರಳಿನಲ್ಲಿ ಇಟ್ಟಳು. ಅದು ಒಣಗುವ ಮೊದಲೇ ರಾಣಿಯ ಗಂಡ ಮಹೇಶ್‌ಕುಮಾರ್ ಫೋನ್ ಮಾಡಿದ. "ಅತ್ಗೆ, ಬರೋದಿದ್ರೆ ಇವತ್ತೇ ಬನ್ನಿ."

ಮರಿಯನ್ನು ಪೇಪರಿನಲ್ಲಿ ಸುತ್ತಿ, ದಾರಿಯ ಕೋಟೆ ಪಟ್ಟಣದಲ್ಲಿ ಬಸ್ಸು ಬದಲಿಸಿ ಸರಗೂರು ಸೇರಿದಳು. ಮೊಸರಿನ ಡಬ್ಬಿಗೆ ತೂತು ಮಾಡಿ, ಒಣಮರಳು ತುಂಬಿ, ಮರಿಯನ್ನು ನಿಲ್ಲಿಸಿ ರಾಣಿಯ ಕಣ್ಣಿಗೆ ಕಾಣುವಂತೆ ಕಿಟಕಿಯಲ್ಲಿಟ್ಟಳು.

"ಬೇರ್ ಐತಾ?"

ಐತೆ ಎನ್ನಲು ಬಾಯಿ ತೆರೆದಳು. "ಇಲ್ಲ ಕಣವ್ವ," ಎಂದಳು.

"ನೀರಾದ್ರೂ ಹಾಕು."

"ಈಗ್ ಹಾಕುದ್ರೆ ಕೊಳೀತದೆ. ಗಾಯ ಒಣಗ್ಬೇಕು."

"ಸರಿ ಬುಡು. ಕಾಯಾನ," ಎಂದು ರಾಣಿ ಕಿಟಕಿಯ ಕಡೆ ಮಗ್ಗುಲಾದಳು.

ಬೇರಿಲ್ಲದ ಲೋಳೆಸರ ತನ್ನ ರಸದಲ್ಲೇ ಬಹಳ ದಿನ ಹಸಿರಾಗಿರುತ್ತದೆ. ಹೊರಗಿನಿಂದ ಏನೂ ತಿಳಿಯುವುದಿಲ್ಲ. ಕಿತ್ತು ನೋಡಿದರೆ ಇದ್ದ ಬೇರೂ ಹರಿಯುತ್ತದೆ. ಸುನಂದಮ್ಮ ಕೀಳಲಿಲ್ಲ, ಊರಿಗೂ ಮರಳಲಿಲ್ಲ, ಮಂಚದ ಪಕ್ಕ ಕೂತೇ ಇದ್ದಾಳೆ. ಮರಳಿನೊಳಗೆ ಏನಾಗುತ್ತಿದೆಯೋ, ಅದನ್ನು ನೋಡಲು ರಾಣಿ ಇರುತ್ತಾಳೋ, ಇದನ್ನು ಬರೆಯುವ ಹೊತ್ತಿಗೆ ಗೊತ್ತಿಲ್ಲ.